ಅತ್ತಿಹೊಂಡದ ಸೋಮವಾರ

ಸೊಲ್ಲಾಪುರ
9 ಜೂನ್ 2023

ಶ್ರೀ ಅಂದಾನಪ್ಪನವರಿಗೆ ನಮಸ್ಕಾರಗಳು.

ನನ್ನ ಪರಿಚಯ ನಿಮಗಿಲ್ಲ. ನಾನು ರಂಜಾನಬಿಯವರ ಮಗಳು, ನಿಖತ. ಅಮ್ಮಿ ಅತ್ತಿಹೊಂಡದ ಶಾಲೆಯಲ್ಲಿ ನಾಲ್ಕನೆಯ ಇಯತ್ತೆಯವರೆಗೆ ನಿಮ್ಮ ಜೊತೆ ಓದಿದವರು. ಇಳಕಲ್ಲಿನ ಅಯೂಬ ಮಾಮು ನಿಮ್ಮ ವಿಳಾಸ ಕೊಟ್ಟರು. "ಫೋನ್ ಮಾಡಬ್ಯಾಡ ಬೇಟಿ. ನಲವತ್ತ ವರ್ಷ ಛಾಪಖಾನಿ ಯಂತ್ರದ ಮುಂದ ನಿಂತ ಕಿವಿ ಅವು, ಕೇಳಂಗಿಲ್ಲ. ಪತ್ರ ಬರಿ. ಅಕ್ಷರ ಕಂಡ್ರ ಉತ್ತರಾ ಕೊಡ್ತಾರ" ಎಂದರು. ಹಾಗಾಗಿ ಈ ಪತ್ರ.

ನಮ್ಮ ಮನೆತನದ ಶಜರಾ, ಅಂದರೆ ವಂಶವೃಕ್ಷ, ಬರೆಯುತ್ತಿದ್ದೇನೆ. ಐದು ತಲೆಮಾರಿನ ಹೆಸರುಗಳು ಸಿಕ್ಕಿವೆ. ನನ್ನ ನಾನಿ, ಅಮ್ಮಿಯ ತಾಯಿ ಲಾಲಬಿಯ ಹೆಸರಿನ ಮುಂದೆ ಮಾತ್ರ ತಾರೀಖಿಲ್ಲ. ಅಮ್ಮಿಗೆ ಗೊತ್ತಿರುವುದು ಇಷ್ಟೇ: ತಾನು ನಾಲ್ಕನೆಯ ಇಯತ್ತೆಯಲ್ಲಿದ್ದೆ, ಬಿಳಿಜೋಳದ ಸುಗ್ಗಿ ನಡೆದಿತ್ತು. 1960 ಅಥವಾ 61 ಇರಬೇಕು. ದಿನ ಗೊತ್ತಿಲ್ಲದ್ದರಿಂದ ಪ್ರತಿ ವರ್ಷ ಶಬೆ ಬರಾತಿಗೆ, ಎಲ್ಲ ಸತ್ತವರ ಹೆಸರಿನ ಜೊತೆ ನಾನಿಯ ಹೆಸರಿಗೂ ಫಾತೇಹಾ ಓದಿಸುತ್ತಾರೆ. ಅಮ್ಮಿಗೆ ಈಗ ಎಪ್ಪತ್ಮೂರು. ತನ್ನ ತಾಯಿಗೆ ಅವಳದೇ ಒಂದು ದಿನ ಬೇಕು ಎಂದು ಈ ವರ್ಷ ಮೊದಲ ಸಲ ಬಾಯಿಬಿಟ್ಟು ಹೇಳಿದರು.

ನಾನು ಇಲ್ಲಿ ಒಂದು ವಿಮಾ ಕಚೇರಿಯಲ್ಲಿ ಮರಣದ ಕ್ಲೇಮುಗಳನ್ನು ನೋಡುತ್ತೇನೆ. ಆದ್ದರಿಂದ ಒಂದು ಮಾತು ಮೊದಲೇ ಹೇಳುತ್ತೇನೆ, ತಪ್ಪು ತಿಳಿಯಬೇಡಿ. ಯಾರ ನೆನಪೂ ನನಗೆ ಬೇಡ. ಗಂಡ ಸತ್ತ ದಿನವನ್ನೇ ತಪ್ಪು ಹೇಳಿದ ಹೆಂಡಂದಿರನ್ನು ನಾನು ನೋಡಿದ್ದೇನೆ, ಅವರು ಸುಳ್ಳು ಹೇಳುತ್ತಿರಲಿಲ್ಲ. ನನಗೆ ಬೇಕಾದದ್ದು ದಾಖಲೆ, ಮೊಹರು ಇರುವ ಪ್ರತಿ. ಇಂಟರ್‌ನೆಟ್ಟಿನಲ್ಲಿ ಅಷ್ಟು ಹಳೆಯವು ಸಿಗುವುದಿಲ್ಲ. ಅತ್ತಿಹೊಂಡದ ಜನನ ಮರಣದ ಪುಸ್ತಕಗಳು ಈಗ ಎಲ್ಲಿರಬಹುದು, ಯಾರಿಗೆ ಅರ್ಜಿ ಕೊಡಬೇಕು, ದಯವಿಟ್ಟು ವಿಚಾರಿಸಿ ತಿಳಿಸುವಿರಾ?

ತಮ್ಮ ವಿಶ್ವಾಸಿ,
ನಿಖತ


ಇಳಕಲ್
24 ಜೂನ್ 2023

ಚಿ. ನಿಖತಳಿಗೆ ಶರಣು.

ಪತ್ರ ತಲುಪಿತು. ಪೋಸ್ಟ್‌ಮನ್ ಈಗ ನನಗೆ ತಂದುಕೊಡುವುದು ಬ್ಯಾಂಕಿನ ಕಾಗದ ಮಾತ್ರ. ಕೈಬರಹದ ಲಕೋಟೆ ನೋಡಿ ಅವನೇ ಎರಡು ಸಲ ತಿರುವಿ ನೋಡಿ ಕೊಟ್ಟ.

ನಿನ್ನ ತಾಯಿ ನನಗೆ ಚೆನ್ನಾಗಿ ನೆನಪಿದ್ದಾರೆ. ಅವರು ಪಾಟಿಯಿಂದ ಹೊಡೆದ ಗುರುತು ನನ್ನ ಹಣೆಯ ಮೇಲೆ ಇನ್ನೂ ಇದೆ. ತಪ್ಪು ನನ್ನದೇ. ಏನೆಂದು ಅವರನ್ನೇ ಕೇಳು.

ಅತ್ತಿಹೊಂಡ ಐಹೊಳೆಯ ಆಚೆಗಿನ ಸಣ್ಣ ಊರು, ನಿನಗೆ ಗೊತ್ತಿರಬಹುದು. ಅಲ್ಲಿ ಸ್ವಂತ ಪುಸ್ತಕ ಇರಲಿಲ್ಲ. ಹುಟ್ಟು ಸಾವು ಎರಡನ್ನೂ ಪಕ್ಕದ ದೊಡ್ಡ ಊರಿನ ಚಾವಡಿಯಲ್ಲಿ ಬರೆಯುತ್ತಿದ್ದರು. ಹುನಗುಂದಕ್ಕೆ ಹೋಗಿ ಕೇಳಿದೆ, ಬಾಗಲಕೋಟೆಯಲ್ಲಿ ನೋಡಿ ಎಂದರು. ಬಾಗಲಕೋಟೆಯ ನವನಗರದಲ್ಲಿ ನನ್ನ ಮಗಳು ನಾಗರತ್ನಾ ಇರುವುದರಿಂದ ನನಗೆ ಊಟದ ಚಿಂತೆಯಿಲ್ಲ. ಹಳೆಯ ಊರು ಹಿನ್ನೀರಿಗೆ ಹೋಗುವಾಗ ಜನ ಮನೆ ಸಾಮಾನು ಹೊತ್ತು ಬಂದಂತೆ ಕಾಗದಗಳೂ ಅಲ್ಲಿ ಇಲ್ಲಿ ಹೊತ್ತುಬಂದಿವೆ. ಹುಡುಕಬೇಕು.

ದಾಖಲೆಗಳ ಕೋಣೆಯಲ್ಲಿ ನವೀದ ಎಂಬ ತರುಣ ಇದ್ದಾನೆ. ನನ್ನ ಎಡಗಿವಿಯ ಹತ್ತಿರ ಬಂದು ಕೂಗಿದ.

"ಯಾರ್ ಬೇಕ್ರಿ ಅಜ್ಜಾರ?"

"ಲಾಲಬಿ."

"ಹೆಸರ ಹೇಳಿದ್ರ ಸಿಗಂಗಿಲ್ರಿ. ಆಗ ಹೆಣಮಕ್ಕಳ ಹೆಸರ ಬರೀತಿದ್ದಿಲ್ಲ. ಗಂಡನ ಹೆಸರ ಹೇಳ್ರಿ."

"ಖಾದರಬಾಷಾ."

"ಹಂಗಾರ ಖಾದರಬಾಷಾನ ಹೆಂಡತಿನ್ನ ಹುಡುಕೂಣು. ಆದ್ರ ಅಜ್ಜಾರ, ಅರವತ್ತ ವರ್ಷ ಸುಮ್ನ ಮಲಗ್ಯಾರ, ಈಗ್ಯಾಕ ಎಬ್ಬಸ್ತೀರಿ?"

"ಅವರ್ನ ಅಲ್ಲಪಾ, ನಿನ್ನ ಎಬ್ಬಸಾಕ ಬಂದೇನಿ."

ನಕ್ಕು ಕುರ್ಚಿ ಕೊಟ್ಟ. ನಿನ್ನ ತಾಯಿಯ ಸಹಿ ಇರುವ ಅರ್ಜಿ, ಗುರುತಿನ ಚೀಟಿಯ ಪ್ರತಿ, ತಾಯಿ ಮಗಳ ಸಂಬಂಧ ತೋರಿಸುವ ಏನಾದರೂ ಒಂದು ಕಾಗದ ಕಳಿಸು. ಶಾಲೆಯ ದಾಖಲೆ ನಡೆಯುತ್ತದೆ. ಅವರಿಗೆ ನೆನಪಿರುವುದನ್ನು ಇನ್ನಷ್ಟು ಕೇಳು, ಹುಡುಕಲು ಅನುಕೂಲ.

ಅಂದಾನಪ್ಪ


ಸೊಲ್ಲಾಪುರ
3 ಜುಲೈ 2023

ಕಾಕಾ ಅವರಿಗೆ ನಮಸ್ಕಾರಗಳು.

ಹಾಗೆ ಕರೆಯಬಹುದಲ್ಲವೇ? ಅಮ್ಮಿ ಕರೆಯಬಹುದು ಎಂದರು. ಪಾಟಿಯ ಸುದ್ದಿ ಓದಿ ಅವರು ಬಹಳ ನಕ್ಕರು. "ಅಂವಾ ನನ್ನ ಹೊಸಾ ಬಳಪ ತಿಂದಿದ್ದ. ಬಳಪ ತಿನ್ನಾವ್ರು ಭಾಳ ಮಂದಿ ಇದ್ರು, ಆದ್ರ ಅಂವಾ ನನ್ನ ಮುಂದನ ಕುಂತ ತಿಂದ" ಎಂದರು.

ಕೇಳಿದ ಕಾಗದಗಳನ್ನೆಲ್ಲ ಇಟ್ಟಿದ್ದೇನೆ. ಹೆಚ್ಚಿನ ವಿವರ ಕೇಳಿದಾಗ ಅಮ್ಮಿ ಹೇಳಿದ್ದು ಸ್ವಲ್ಪವೇ. ನಾನಿ ಹೋದಾಗ ತಾನು ಊರಿನಲ್ಲಿರಲಿಲ್ಲ, ಬಾದಾಮಿಯ ಖಾಲಾ, ಅಂದರೆ ಅವರ ಚಿಕ್ಕಮ್ಮ, ಕರೆದುಕೊಂಡು ಹೋಗಿದ್ದಳು. ಜ್ವರ ಮನೆಯೆಲ್ಲ ಹಬ್ಬೀತು ಎಂದು ಅಲ್ಲೇ ಇಟ್ಟುಕೊಂಡರಂತೆ. ಮರಳಿ ಬಂದಾಗ ಎಲ್ಲ ಮುಗಿದಿತ್ತು. ಯಾವ ದಿನ ಎಂದು ಯಾರೂ ಹೇಳಲಿಲ್ಲ, ತಾನೂ ಕೇಳಲಿಲ್ಲ. ಆಮೇಲೆ ನನ್ನ ನಾನಾ, ಅಮ್ಮಿಯ ತಂದೆ, ಗಿರಣಿ ಕೆಲಸಕ್ಕೆಂದು ಇವರನ್ನು ಕರೆದುಕೊಂಡು ಸೊಲ್ಲಾಪುರಕ್ಕೆ ಬಂದುಬಿಟ್ಟರು.

ಆಮೇಲೆ ನನ್ನನ್ನೇ ಒಂದು ಮಾತು ಕೇಳಿದರು. "ಆ ಪುಸ್ತಕದಾಗ ವಾರಾನೂ ಬರದಿರ್ತಾರೇನು?" ತಾರೀಖು ಸಿಕ್ಕರೆ ಸಾಕು, ವಾರವನ್ನು ನಾನೇ ಲೆಕ್ಕ ಹಾಕುತ್ತೇನೆ ಎಂದೆ. ಅವರು ಮತ್ತೆ ಅಕ್ಕಿ ಆರಿಸತೊಡಗಿದರು. ಆರಿಸಿ ಮುಗಿಸಿದ್ದ ಅಕ್ಕಿಯನ್ನೇ.

ನಿಖತ


ಸೊಲ್ಲಾಪುರ
11 ಅಕ್ಟೋಬರ್ 2023

ಕಾಕಾ ಅವರಿಗೆ,

ಮೂರು ತಿಂಗಳಾದವು. ಅವಸರ ಮಾಡುತ್ತಿದ್ದೇನೆ ಎಂದುಕೊಳ್ಳಬೇಡಿ. ಸಿಗಲಿಲ್ಲ ಎಂದಾದರೂ ಒಂದು ಸಾಲು ಬರೆಯಿರಿ, ನಾನು ಆ ಸಾಲನ್ನು ಖಾಲಿ ಬಿಟ್ಟು ಶಜರಾ ಮುಗಿಸುತ್ತೇನೆ. ಅಮ್ಮಿ ಏನೂ ಕೇಳುವುದಿಲ್ಲ. ಆದರೆ ಮೊಣಕಾಲು ನೋವಿದ್ದರೂ ಟಪಾಲಿನ ಹೊತ್ತಿಗೆ ಗೇಟಿನವರೆಗೆ ಹೋಗಿ ನಿಲ್ಲುತ್ತಾರೆ.

ನಿಖತ


ಇಳಕಲ್
2 ನವೆಂಬರ್ 2023

ಚಿ. ನಿಖತಳಿಗೆ ಶರಣು.

ಸಿಕ್ಕಿತು.

ತಡಕ್ಕೆ ಕಾರಣ ನನ್ನ ಬಲಗಣ್ಣಿನ ಪೊರೆ. ತೆಗೆಸಿಕೊಂಡೆ. ಓದುವುದು ಬರೆಯುವುದು ಬೇಡ ಎಂದು ಡಾಕ್ಟರು ಹೇಳಿದ್ದರು, ಮಗಳು ಕಾವಲಿದ್ದಳು. ಈ ನಡುವೆ ನವೀದನೇ ಹುಡುಕಿ ಇಟ್ಟಿದ್ದ.

ಪ್ರತಿ ಒಳಗಿದೆ. 6 ಫೆಬ್ರುವರಿ 1961. ಅತ್ತಿಹೊಂಡ. ಖಾದರಬಾಷಾ ಇವನ ಹೆಂಡತಿ. ವಯಸ್ಸು ಮೂವತ್ತು. ಜ್ವರ. ವರದಿ ಕೊಟ್ಟವನು ವಾಲೀಕಾರ ಅಮಸಿದ್ದಪ್ಪ. ನಮ್ಮ ಊರಿನ ಕಾವಲು, ಡಂಗುರ, ಸರಕಾರಿ ಸುದ್ದಿ ಎಲ್ಲ ಅವನ ಹೆಗಲ ಮೇಲಿದ್ದವು. ಮೊಹರು ಚೆನ್ನಾಗಿ ಬಿದ್ದಿದೆ, ಅಷ್ಟು ವರ್ಷ ಛಾಪಖಾನೆ ನಡೆಸಿದವನ ಮಾತು ಇದು.

ನೀನು ಕೇಳಿದ್ದು ದಾಖಲೆ. ಇದು ದಾಖಲೆ. ತಾಯಿಗೆ ತೋರಿಸುವ ಮೊದಲು ಅವರ ಊಟವಾಗಿರಲಿ.

ಅಂದಾನಪ್ಪ


ಸೊಲ್ಲಾಪುರ
14 ನವೆಂಬರ್ 2023

ಕಾಕಾ ಅವರಿಗೆ ನಮಸ್ಕಾರಗಳು.

ಹೇಗೆ ಉಪಕಾರ ಹೇಳಲಿ, ತಿಳಿಯುತ್ತಿಲ್ಲ. ನಡೆದದ್ದನ್ನು ಬರೆಯುತ್ತೇನೆ.

ಊಟವಾದ ಮೇಲೆ ಕಾಗದ ಕೊಟ್ಟೆ. ಅಮ್ಮಿ ತಾವೇ ಓದಿದರು. ಅದು ಸೋಮವಾರ ಎಂದು ನಾನು ಮೊದಲೇ ನೋಡಿ ಇಟ್ಟಿದ್ದೆ, ಹೇಳಿದೆ. ಕಾಗದ ಮಡಿಚಿ ಮಡಿಲಲ್ಲಿಟ್ಟುಕೊಂಡರು. ಆಮೇಲೆ ಅತ್ತರು. ಆಮೇಲೆ, ನನ್ನ ಈ ನಲವತ್ತೆಂಟು ವರ್ಷದಲ್ಲಿ ನನಗೆ ಹೇಳದ್ದನ್ನು ಹೇಳಿದರು.

ಅವರು ಬಾದಾಮಿಗೆ ಹೋದದ್ದು ಶನಿವಾರ. ಆ ಮುಂಜಾನೆ ನಾನಿ ಜ್ವರದಲ್ಲೇ ನೀರು ತರಲು ಹೇಳಿದ್ದಳು. ಅಮ್ಮಿ ಬಾವಿಯ ಕಟ್ಟೆಯ ಮೇಲೆ ಕೊಡ ಒಡೆದು ಬಂದರು. ನಾನಿ ಬೈದಳು, ಎದ್ದು ಕೂತು ಒಂದು ಏಟೂ ಹಾಕಿದಳು. ಅಮ್ಮಿ ಬಾಗಿಲಲ್ಲಿ ನಿಂತು "ನೀ ಸತ್ರೂ ನಾ ಬರಂಗಿಲ್ಲ" ಎಂದು ಕೂಗಿ ಖಾಲಾನ ಹಿಂದೆ ಹೋಗಿಬಿಟ್ಟರು. ತಿರುಗಿ ನೋಡಲಿಲ್ಲ. ಮರಳಿ ಬಂದಾಗ ಅವರ ಅಜ್ಜಿ ಹೇಳಿದ್ದು ಒಂದೇ ಮಾತು: "ಬಾಗಲಾ ನೋಡಕೋತ ಹೋದ್ಲು."

ಆ ಶನಿವಾರವೇ ಪ್ರಾಣ ಹೋಯಿತು ಎಂದು ಅಮ್ಮಿ ಇಷ್ಟು ವರ್ಷ ತಿಳಿದಿದ್ದರು. ತನ್ನ ಮಾತು ಕಿವಿಯಲ್ಲಿ ಇರುವಾಗಲೇ ಹೋದಳು ಎಂದು. ಈಗ ಸೋಮವಾರ ಎಂದು ಸರಕಾರವೇ ಬರೆದುಕೊಟ್ಟಿದೆ. "ನಡುವ ಎರಡ ದಿನ ಸಿಕ್ಕಾವು. ಎರಡ ದಿನಾ ಯಾವ ತಾಯಿ ಸಿಟ್ಟ ಇಟಗೋತಾಳ?" ಎಂದರು. ಮರುದಿನ ಸಿಹಿ ಮಾಡಿ ಓಣಿಗೆಲ್ಲ ಹಂಚಿದರು. ಆ ತಾರೀಖು ಶಾಬಾನ್ ತಿಂಗಳಲ್ಲಿ, ಶಬೆ ಬರಾತ್ ಆದ ಕೆಲವು ದಿನಕ್ಕೆ ಬರುತ್ತದೆ. ಇನ್ನು ಪ್ರತಿ ವರ್ಷ ಆ ದಿನ ನಾನಿಯೊಬ್ಬಳಿಗೇ ಫಾತೇಹಾ.

ಒಂದು ದಾಖಲೆ ಇಷ್ಟು ಮಾಡಬಲ್ಲದು ಎಂದು ನನ್ನ ಕಚೇರಿಯಲ್ಲಿ ಕೂತು ನನಗೆ ಗೊತ್ತಿರಲಿಲ್ಲ. ಇದೇ ಧೈರ್ಯದ ಮೇಲೆ ಇನ್ನೊಂದು ಕೇಳುತ್ತೇನೆ. ನಾನಾನ ತಂದೆ, ಅವರ ತಂಗಿ, ಅಮ್ಮಿಯ ಹಾಲುಗೂಸು ತಮ್ಮ, ಈ ಮೂವರೂ ಅದೇ ಊರಿನಲ್ಲಿ ತೀರಿದವರು. ಅವರ ಪ್ರತಿಗಳನ್ನೂ ತೆಗೆಸಿಕೊಡುವಿರಾ?

ನಿಖತ


ಇಳಕಲ್
20 ಡಿಸೆಂಬರ್ 2023

ಚಿ. ನಿಖತಳಿಗೆ ಶರಣು.

ನಿನ್ನ ಪತ್ರಕ್ಕೆ ತಡವಾಗಿ ಉತ್ತರಿಸುತ್ತಿದ್ದೇನೆ. ತಾಯಿ ಸಮಾಧಾನವಾಗಿದ್ದಾರೆ ಎಂದು ತಿಳಿಯಿತು. ಬೇಕಾದದ್ದು ಸಿಕ್ಕಿತಲ್ಲ. ಉಳಿದವರ ಪ್ರತಿಗಳು ಅವಶ್ಯವೆಂದು ನನಗೆ ಅನಿಸುವುದಿಲ್ಲ. ಇಷ್ಟಕ್ಕೆ ಬಿಡು.

ಚಳಿ ಹೆಚ್ಚಾಗಿದೆ. ಕಣ್ಣು ಸರಿಯಿದೆ.

ಅಂದಾನಪ್ಪ


ಸೊಲ್ಲಾಪುರ
19 ಜನವರಿ 2024

ಕಾಕಾ ಅವರಿಗೆ,

ಡಿಸೆಂಬರಿನ ನಿಮ್ಮ ಪತ್ರ ಓದಿ, ಕಣ್ಣಿನ ಶಸ್ತ್ರಚಿಕಿತ್ಸೆಯಾದವರನ್ನು ಓಡಾಡಿಸಿದೆನಲ್ಲ ಎಂದು ನಾಚಿಕೆಯಾಯಿತು. ಬೇಸರಗೊಂಡಿದ್ದೀರಿ ಎಂದುಕೊಂಡೆ. ನಿಮಗೆ ತೊಂದರೆ ಬೇಡವೆಂದು ಟಪಾಲಿನಲ್ಲಿ ನಾನೇ ಅರ್ಜಿ ಹಾಕಿದೆ. ಮೂರೂ ಪ್ರತಿಗಳು ಬಂದವು.

ನಾನಾನ ತಂದೆ 14 ಜುಲೈ 1958. ಅವರ ತಂಗಿ 19 ಅಕ್ಟೋಬರ್ 1959. ಕೂಸು 5 ಡಿಸೆಂಬರ್ 1960.

ತಾರೀಖು ಕಂಡರೆ ಯಾವ ವಾರ ಎಂದು ನೋಡುವುದು ನನ್ನ ಕೆಲಸದ ಚಟ. ಮೂರೂ ಸೋಮವಾರ. ನಾನಿಯದು ಸೇರಿದರೆ ನಾಲ್ಕು. ನವೀದ ಅವರಿಗೆ ಫೋನ್ ಮಾಡಿ, ಅತ್ತಿಹೊಂಡದ ಇನ್ನಷ್ಟು ತಾರೀಖುಗಳನ್ನು ಹೆಸರಿಲ್ಲದೆ ಓದಿ ಹೇಳಲು ಕೇಳಿದೆ. ನಮ್ಮವರು, ನಿಮ್ಮವರು, ಯಾರಾದರೂ ಸರಿ, ಆ ಊರಿನಲ್ಲಿ ಸೋಮವಾರ ಬಿಟ್ಟು ಬೇರೆ ದಿನ ಯಾರೂ ಸತ್ತಿಲ್ಲ.

ಇದರ ಅರ್ಥವೇನು ಕಾಕಾ? ನನಗೆ ಅನಿಸಿದ್ದೇ ಆದರೆ, ನಿಮಗೂ ಗೊತ್ತಿತ್ತೇ?

ಅಮ್ಮಿ ಫಾತೇಹಾಕ್ಕೆ ಹೊಸ ತಟ್ಟೆಗಳನ್ನು ತಂದಿಟ್ಟಿದ್ದಾರೆ. ನಾನು ಅವರಿಗೆ ಏನೂ ಹೇಳಿಲ್ಲ. ಈ ಮೂರು ಕಾಗದಗಳು ನನ್ನ ಕಚೇರಿಯ ಡ್ರಾಯರಿನಲ್ಲಿವೆ.

ನಿಖತ


ಇಳಕಲ್
27 ಜನವರಿ 2024

ಚಿ. ನಿಖತಳಿಗೆ ಶರಣು.

ನಿನಗೆ ಅನಿಸಿದ್ದು ಸರಿ. ಚಾವಡಿ ಇದ್ದ ದೊಡ್ಡ ಊರಿನಲ್ಲಿ ಸೋಮವಾರ ಸಂತೆ. ಅಮಸಿದ್ದಪ್ಪ ವಾರಕ್ಕೊಮ್ಮೆ ಅಲ್ಲಿಗೆ ಹೋಗುತ್ತಿದ್ದ. ಉಪ್ಪು ಎಣ್ಣೆ ಕೊಳ್ಳುವ ಮೊದಲು ಚಾವಡಿಯ ಕಟ್ಟೆಗೆ ಕೂತು, ಆ ವಾರ ಹುಟ್ಟಿದವರನ್ನೂ ಸತ್ತವರನ್ನೂ ಬಾಯಿಪಾಠ ಒಪ್ಪಿಸುತ್ತಿದ್ದ. ಬರೆಯುವವನು ಅಂದಿನ ತಾರೀಖು ಹಾಕುತ್ತಿದ್ದ. ನಾನೂ ಆ ಪುಸ್ತಕದ ಪ್ರಕಾರ ಸೋಮವಾರವೇ ಹುಟ್ಟಿದವನು. ಅವ್ವ ಗುರುವಾರ ಎನ್ನುತ್ತಿದ್ದಳು.

ಗೊತ್ತಿತ್ತು. ಆ ಪ್ರತಿ ನನ್ನ ಕೈಗೆ ಬಂದಾಗಲೇ ಗೊತ್ತಿತ್ತು. ಆಗ ಅದು ನಿನ್ನ ವಂಶವೃಕ್ಷಕ್ಕೆ ಬೇಕಾದ ಒಂದು ತಾರೀಖು ಮಾತ್ರ ಎಂದುಕೊಂಡಿದ್ದೆ. ಎರಡು ದಿನ ಆಚೀಚೆಯಾದರೆ ಯಾರಿಗೇನು? ವಾರ ಬರೆದಿರುತ್ತಾರೇನು ಎಂದು ನಿನ್ನ ತಾಯಿ ಕೇಳಿದ್ದು ಏಕೆಂದು ನವೆಂಬರಿನ ನಿನ್ನ ಪತ್ರ ಓದಿದ ಮೇಲೆ ತಿಳಿಯಿತು. ಅಷ್ಟರಲ್ಲಿ ಸಿಹಿ ಹಂಚಿ ಆಗಿತ್ತು. ನಾನು ಸುಳ್ಳು ಕಾಗದ ಕಳಿಸಲಿಲ್ಲ, ಸರಿಯಾದ ಕಾಗದದ ಬಗ್ಗೆ ಸುಮ್ಮನಿದ್ದೆ.

ಹೇಳುವುದು ಬಿಡುವುದು ನಿನಗೆ ಸೇರಿದ್ದು. ನನ್ನಲ್ಲಿ ಉಳಿದಿರುವುದು ನೆನಪು ಮಾತ್ರ, ಅದು ಬೇಡವೆಂದು ನೀನು ಮೊದಲೇ ಬರೆದಿದ್ದೆ.

ಅಂದಾನಪ್ಪ


ಸೊಲ್ಲಾಪುರ
7 ಫೆಬ್ರುವರಿ 2024

ಅಂದಾನಿಗೆ ರಂಜಾನಬಿ ಮಾಡೂ ಸಲಾಮ.

ಪೆನ್ಸಿಲ್ಲಿನಿಂದ ಬರೀತೇನಿ, ತಪ್ಪಾದ್ರ ಅಳಸಾಕ ಬರ್ತದ. ಕನ್ನಡ ಬರದು ಭಾಳ ವರ್ಷ ಆದವು. ಅಕ್ಷರ ನೋಡಿ ನಗಬ್ಯಾಡ, ನೀ ಬಳಪ ತಿಂದಾವ.

ಈ ಪತ್ರ ಬರದದ್ದು ನಿಖತಗ ಗೊತ್ತಿಲ್ಲ. ಆಕಿ ಏನೋ ಮುಚ್ಚಿಟ್ಟಾಳ. ಊಟಕ್ಕ ಕುಂತ್ರ ನನ್ನ ಮಾರಿ ನೋಡಂಗಿಲ್ಲ. ಏನ ಮುಚ್ಚಿಟ್ಟಾಳ ಅಂಬೂದು ನನಗ ಗೊತ್ತದ. ಪಾಪ, ಆಕಿಗೆ ಗೊತ್ತಿಲ್ಲ ನನಗ ಗೊತ್ತದ ಅಂತ.

ಅಂದಾನಿ, ನಾನೂ ಅತ್ತಿಹೊಂಡದಾಕಿ ಅಲ್ಲೇನು? ಆಕಿ ಸೋಮವಾರ ಅಂದ ಕೂಡ್ಲೆ ನನಗ ಅಮಸಿದ್ದಪ್ಪನ ಕೈಚೀಲಾ ಕಣ್ಣಿಗಿ ಕಟ್ತು. ಸಂತಿಯಿಂದ ಬರೂ ಮುಂದ ಅದರಾಗ ನಮಗ ಬೆಂಡು ಬತ್ತಾಸ ಇರ್ತಿದ್ವು. ನೀನೂ ಓಡತಿದ್ದಿ, ನಾನೂ ಓಡತಿದ್ದೆ. ಅಂವಾ ಸಂತಿಗಿ ಹೋದ ದಿನ ಬರಸ್ತಾನ, ಸತ್ತ ದಿನ ಅಲ್ಲ. ಇದು ಊರಿಗೆಲ್ಲಾ ಗೊತ್ತಿದ್ದ ಮಾತು.

ಆದ್ರ ನನ್ನ ಮಗಳು ಕಾಗದಾ ಹಿಡಕೊಂಡು ನಿಂತಿದ್ಲು. ಹುಟ್ಟಿದಾಗಿಂದ ಆಕಿ ಮಾರಿ ಅಷ್ಟ ಅರಳಿದ್ದು ನಾ ನೋಡಿದ್ದಿಲ್ಲ. ಹಂಗಾಗಿ ಸೋಮವಾರ ಅಂತ ಒಪ್ಪಿಕೊಂಡೆ. ಅದರ ನೆಪದಾಗ, ಯಾರ ಮುಂದೂ ಆಡದ ಮಾತು ಆಕಿ ಮುಂದ ಆಡಿ ಮುಗಿಸಿದೆ. ಅತ್ತದ್ದು ಖರೆ.

ಈಗ ನಿನ್ನ ಕೇಳ್ತೇನಿ. ನೀ ಊರಾಗ ಇದ್ದಿ, ನಾ ಇರಲಿಲ್ಲ. ಶನಿವಾರ ಏನು, ಅಲ್ಲೇನು? ಕಾಗದ ಹೇಳಿದ್ಹಂಗ ಹೇಳಬ್ಯಾಡ, ನೀ ಕಂಡಿದ್ದು ಹೇಳು. ಎಂಥಾದಿದ್ರೂ ತಡಕೋತೇನಿ.

ರಂಜಾನಬಿ


ಇಳಕಲ್
15 ಫೆಬ್ರುವರಿ 2024

ರಂಜಾನಬಿಗೆ ಶರಣು.

ಶನಿವಾರ ಅಲ್ಲ. ಅದನ್ನು ಮೊದಲು ಬರೆದು ಉಳಿದದ್ದನ್ನು ಬರೆಯುತ್ತೇನೆ.

ಆ ಶನಿವಾರ ಮುಂಜಾನೆಯ ಶಾಲೆ. ನೀನು ಬಂದಿರಲಿಲ್ಲ. ಸಂಜೆ ಅವ್ವ ಒಂದು ಬೋಗುಣಿ ಅಂಬಲಿ ಕೊಟ್ಟು ನನ್ನನ್ನು ನಿಮ್ಮ ಮನೆಗೆ ಕಳಿಸಿದಳು. ನಿಮ್ಮ ಅಜ್ಜಿ ಬಾಗಿಲಲ್ಲೇ ತೆಗೆದುಕೊಂಡರು. ರವಿವಾರ ಮುಂಜಾನೆ ಬೋಗುಣಿ ತರಲು ಹೋದೆ. ಅಜ್ಜಿ ತೊಳೆದು ಕೈಗೆ ಕೊಟ್ಟರು. ನಾನು ತಿರುಗುವಷ್ಟರಲ್ಲಿ ಒಳಗಿನಿಂದ ನಿನ್ನ ತಾಯಿ ಕರೆದರು.

"ಅಂದಾನಿ, ತಡಿಯಪಾ. ಖಾಲಿ ಬೋಗುಣಿ ಒಯ್ಯಬಾರ್ದು. ಮಾಡದಾಗ ಶೇಂಗಾ ಅದಾವ, ಒಂದ್ ಹಿಡಿ ಹಾಕ್ಕೊ."

ಒಳಗೆ ಹೋದೆ. ಅವರು ಹೊರಸಿನ ಮೇಲೆ ಮಲಗಿದ್ದರು. ಆ ಹೊರಸು ಬಾಗಿಲಿಗೆ ಎದುರಾಗಿಯೇ ಇತ್ತು. ಅಲ್ಲಿ ಯಾರು ಮಲಗಿದರೂ ಬಾಗಿಲನ್ನೇ ನೋಡಬೇಕು, ಬೇರೆ ಏನೂ ಕಾಣುತ್ತಿರಲಿಲ್ಲ. ಗೋಡೆಯ ಮಾಡದಿಂದ ಒಂದು ಹಿಡಿ ಶೇಂಗಾ ಹಾಕಿಕೊಂಡೆ. ಅವರು ನೋಡಿ, "ಇನ್ನೊಂದ್ ಹಿಡಿ" ಎಂದರು. ಆಮೇಲೆ ನಿನ್ನ ಬಗ್ಗೆ ಕೇಳಿದರು. ಸಿಟ್ಟು ಇರಲಿಲ್ಲ. ದನಿ ಸಣ್ಣದಾಗಿತ್ತು, ಅಷ್ಟೇ.

"ನಿನ್ನೆ ನಮ್ಮ ರಂಜಾನಬಿ ಮೋಟಾರ ಹತ್ತಿದ್ದು ನೋಡಿದ್ಯೇನು? ಕುಂದ್ರಾಕ ಜಾಗಾ ಸಿಕ್ಕಿತ್ತೇನು ಆಕಿಗೆ? ಬಾದಾಮಿತನಾ ನಿಂತು ಹೋಗೂದಾಗಂಗಿಲ್ಲ, ಮುಂಜಾನಿ ಏನೂ ತಿಂದಿದ್ದಿಲ್ಲ."

ನಾನು ರಸ್ತೆಯ ಕಡೆ ಹೋಗಿಯೇ ಇರಲಿಲ್ಲ. ಆದರೂ "ಹೂಂರಿ, ಕುಂತಿದ್ಲು" ಎಂದುಬಿಟ್ಟೆ. ಏಕೆ ಹಾಗೆ ಹೇಳಿದೆ ಎಂದು ಆಗಲೂ ಗೊತ್ತಿರಲಿಲ್ಲ. ಅವರು "ಛಲೋ ಆತು" ಎಂದು ಕಣ್ಣು ಮುಚ್ಚಿಕೊಂಡರು. ಮನೆಗೆ ಬಂದಾಗ, ಬ್ಯಾನಿ ಇದ್ದವರ ಮನೆಯಿಂದ ಶೇಂಗಾ ಏಕೆ ತಂದೆ ಎಂದು ಅವ್ವ ಬೈದಳು.

ಅಂದು ಇಳಿಹೊತ್ತಿಗೆ ನಿನ್ನ ತಾಯಿ ಹೋದರು. ದೀಪ ಹಚ್ಚುವ ಹೊತ್ತಿಗೆ ಗಂಡಸರು ಮಣ್ಣು ಕೊಟ್ಟು ಬಂದರು. ಮರುದಿನ ಅಮಸಿದ್ದಪ್ಪ ಸಂತೆಗೆ ಹೋದ.

ಕಾಗದ ನಿನಗೆ ಎರಡು ದಿನ ಕೊಟ್ಟಿತ್ತು. ನನ್ನ ಹತ್ತಿರ ಇದ್ದದ್ದು ಒಂದು. ಅದಕ್ಕೇ ಬಾಯಿ ಬಿಡಲಿಲ್ಲ. ಅವರಿಗೆ ಹೇಳಿದ ಮಾತು ಖರೆಯೋ ಸುಳ್ಳೋ ಎಂದು ನನಗೆ ಇಂದಿಗೂ ಗೊತ್ತಿಲ್ಲ.

ಅಂದಾನಪ್ಪ


ಸೊಲ್ಲಾಪುರ
3 ಮಾರ್ಚ್ 2024

ಅಂದಾನಿಗೆ ಸಲಾಮ.

ನಿನ್ನ ಪತ್ರಾ ನಿಖತಗ ಕೊಟ್ಟೆ. ಎರಡ ಸಲಾ ಓದಿದ್ಲು. ತನ್ನ ಶಜರಾದಾಗ ಕಾಗದದ ತಾರೀಖು ಹೊಡದ ಹಾಕಿ, ಹಿಂದಿನ ದಿನಾ ಬರದ್ಲು. ಮೊಹರ ಇಲ್ಲಲ್ಲ ಅಂದೆ. ಇರಲಿ ಅಂದ್ಲು. ಫಾತೇಹಾ ರವಿವಾರದ ಲೆಕ್ಕಕ್ಕನ ಓದಿಸಿದ್ವಿ. ತಟ್ಟಿಯೊಳಗ ಶೇಂಗಾ ಇಟ್ಟಿದ್ದೆ.

ಜಾಗಾ ಸಿಕ್ಕಿತ್ತು, ಅಂದಾನಿ. ಕಿಡಕಿ ಕಡೆ. ಖಾಲಾ ಬಾದಾಮಿತನಾ ನಿಂತು ಬಂದ್ಲು.

ರಂಜಾನಬಿ